ಪರದೇಶದಲ್ಲಿ ದುಡಿಯುವವರ ಜನನ ಪತ್ರಕ್ಕೆ ಮರಿಯಯ್ಯನೇ ದಿಕ್ಕು

ಬೆಳಗಿನ ಆರೂಕಾಲು. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಡ್ರೈವರ್ ಇನ್ನೂ ಹತ್ತಿಲ್ಲ. ಮರಿಯಯ್ಯ ಕಲ್ಲುಬೆಂಚಿನ ಮೇಲೆ ಕುಳಿತು ಪ್ಲಾಸ್ಟಿಕ್ ಫೈಲು ಬಿಚ್ಚಿದ್ದಾರೆ. ಅರ್ಜಿ, ಅಧಿಕಾರ ಪತ್ರ, ಪಾಸ್‌ಪೋರ್ಟಿನ ಜೆರಾಕ್ಸು ಎಲ್ಲ ಸರಿಯಾಗಿವೆಯೇ ಎಂದು ಬೆರಳು ಒದ್ದೆ ಮಾಡಿಕೊಂಡು ಮಗುಚುತ್ತಾರೆ. ಇವತ್ತು ಮೂವರ ಕೆಲಸ. ಕುವೈತಿನಲ್ಲಿ ಲಾರಿ ಓಡಿಸುವವರೊಬ್ಬರ ಮದುವೆ ನೋಂದಣಿ, ದೋಹಾದ ಅಡುಗೆಯವರೊಬ್ಬರ ಶಾಲೆಯ ಟಿ.ಸಿ., ಮಸ್ಕತ್ತಿನ ನರ್ಸ್ ಪವಿತ್ರ ಅವರ ಜನನ ಪತ್ರ. ಮೊದಲಿನ ಎರಡಕ್ಕೆ ಅವಸರವಿಲ್ಲ. ಮೂರನೆಯದಕ್ಕೆ ಉಳಿದಿರುವುದು ಒಂಬತ್ತೇ ದಿನ.

ಮರಿಯಯ್ಯ ಅವರಿಗೆ ಅರವತ್ತಾರು. ಓದಿದ್ದು ಏಳನೇ ಕ್ಲಾಸು. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯ ದಾಖಲೆ ಕೊಠಡಿಯಲ್ಲಿ ಅಟೆಂಡರ್ ಆಗಿದ್ದವರು. ಯಾವ ಕಂತೆ ಯಾವ ಬೀರುವಿನಲ್ಲಿದೆ, ಯಾವ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ ಎಂಬುದೆಲ್ಲ ಬಾಯಿಪಾಠ. ಆ ಕೊಠಡಿಯ ದೂಳು ಎದೆಗಿಳಿದು, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಿಲ್ಲ. ಹೊರದೇಶದಲ್ಲಿ ದುಡಿಯುವ ಇಲ್ಲಿನವರಿಗೆ ದೃಢೀಕೃತ ನಕಲು, ಅಂದರೆ ಮೂಲ ದಾಖಲೆಯನ್ನು ನೋಡಿ ಅಧಿಕಾರಿ ಸಹಿ, ಸೀಲು ಹಾಕಿಕೊಡುವ ಪ್ರತಿ ತೆಗೆಸಿಕೊಡುವುದನ್ನೇ ಕಸುಬು ಮಾಡಿಕೊಂಡರು. ತಿಂಗಳಿಗೆ ಹದಿನೈದು ಇಪ್ಪತ್ತು ಕಾಗದ, ವಾರಕ್ಕೆ ಎರಡು ಸಲ ಗುಂಡ್ಲುಪೇಟೆ.

“ಅವ್ರು ರಜಾ ಆಕಿ ಇಮಾನ ಅತ್ಕೊಂಡು ಬಂದು ಈ ಕ್ಯೂನಲ್ಲಿ ನಿಂತ್ಕಳಕಾದದಾ? ನಂಗಾದ್ರೆ ನಿಂತ್ಕಳದೇ ಕೆಲ್ಸ” ಎನ್ನುತ್ತಾರೆ.

ಹೆಂಡತಿ ಚಿಕ್ಕಮಾದಮ್ಮನವರದು ಬೇರೆಯೇ ತಕರಾರು. “ದುನಿಯಾಕೆಲ್ಲ ಕಾಗ್ಜ ತಂದ್ಕೊಡ್ತಾನೆ. ನಮ್ಮನೆ ರೇಷನ್ ಕಾರ್ಡ್‌ನಲ್ಲಿ ನನ್ನೆಸ್ರು ತಪ್ಪಾಗಿ ಆರು ವರ್ಸ ಆಯ್ತು, ಅದ್ಕೆ ಗತಿ ಇಲ್ಲ” ಎಂದು ಬಂದವರೆದುರೇ ಹೇಳಿಬಿಡುತ್ತಾರೆ. ಮರಿಯಯ್ಯ ನಗುತ್ತಾರೆ.

ಪವಿತ್ರ ಅವರ ಕಾಗದದ ಕಥೆ ಹೀಗಿದೆ. ಅವರು ಆರು ವರ್ಷದಿಂದ ದುಡಿಯುತ್ತಿರುವ ಮಸ್ಕತ್ತಿನ ಆಸ್ಪತ್ರೆ, ಲೈಸೆನ್ಸ್ ನವೀಕರಿಸಬೇಕಾದರೆ ತಿಂಗಳ ಕೊನೆಯೊಳಗೆ ಜನನ ಪತ್ರದ ದೃಢೀಕೃತ ನಕಲು ಕೊಡಬೇಕು ಎಂದಿದೆ. ತಪ್ಪಿದರೆ ಕೆಲಸ ಹೋಗುತ್ತದೆ, ವೀಸಾ ಕೂಡ. ಮೂಲ ಪತ್ರ ಹರದನಹಳ್ಳಿಯಲ್ಲಿ, ಅಪ್ಪ ಶಿವಮಲ್ಲು ಅವರ ಬಳಿಯೇ ಭದ್ರವಾಗಿದೆ. ಭದ್ರ ಅಂದರೆ ದೇವರ ಗೂಡಿನಲ್ಲಿ! ಪ್ರತಿ ವರ್ಷ ಆಯುಧಪೂಜೆಗೆ ನೇಗಿಲು, ಬೈಕಿನ ಜೊತೆ ಮಗಳ ಪತ್ರಗಳಿಗೂ ಪೂಜೆಯಾಗುತ್ತದೆ. ಜನನ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಸರ್ಕಾರದ ಸೀಲಲ್ಲವೇ ಎಂದು ಶಿವಮಲ್ಲು ವರ್ಷ ವರ್ಷವೂ ಸರಿಯಾಗಿ ಸೀಲಿನ ಮೇಲೆಯೇ ಗಂಧ ಬಳಿದು ಕುಂಕುಮ ಇಟ್ಟಿದ್ದಾರೆ. ಈಗ ಸೀಲೂ ಕಾಣದು, ಪಕ್ಕದ ನೋಂದಣಿ ಸಂಖ್ಯೆಯೂ ಹುಟ್ಟಿದ ಊರೂ ಕಾಣದು. ಜೆರಾಕ್ಸ್ ತೆಗೆದರೆ ಬರೀ ಕಪ್ಪು ಗುಡ್ಡೆ.

ನೋಟರಿಯವರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಕಾಣದ್ದಕ್ಕೆ ಸಹಿ ಹಾಕಲಾರೆ ಎಂದು ಹಿಂದಿರುಗಿಸಿದರು. ಹೊಸ ಪ್ರತಿ ತೆಗೆಸೋಣವೆಂದು ಶಿವಮಲ್ಲು ತಮ್ಮೂರ ಪಂಚಾಯಿತಿಗೂ ಚಾಮರಾಜನಗರಕ್ಕೂ ಎರಡು ವಾರ ಅಲೆದರು. ಎಲ್ಲಿ ಹುಡುಕಿಸಿದರೂ ಆ ಹೆಸರಿನ ದಾಖಲೆಯೇ ಇಲ್ಲ. ಸಾಕಾಗಿ ಮರಿಯಯ್ಯನ ಬಾಗಿಲಿಗೆ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ.

“ಸೀಲು, ನಂಬರು ನಾನೇ ಪೆನ್ನಲ್ಲಿ ತಿದ್ಬುಡ್ಲಾ ಅಣ್ಣ? ಅಲ್ಲಿ ಕೂತಿರೋರ್ಗೆ ಏನ್ ಗೊತ್ತಾದದು?”

ಮರಿಯಯ್ಯ ಕೆಂಡವಾದರು. “ತಿದ್ಬುಟ್ರೆ ನಿನ್ ಮಗಳೇ ಕಳ್ಳಿ ಆಯ್ತಾಳೆ ಕಣ್ಲಾ! ಅಲ್ಲಿ ಅವ್ಳ್ನ ಇಡ್ಕಂಡ್ರೆ ಬುಡ್ಸಕೆ ನೀನು ಓಯ್ತೀಯಾ?”

ಶಿವಮಲ್ಲು ಅವರ ಕಣ್ಣು ತುಂಬಿತು. ಗದರಿದ್ದಕ್ಕೆ ಮರಿಯಯ್ಯನಿಗೂ ಬೇಸರವಾಗಿ, ಕಾಫಿ ಕೊಡಿಸಿ ಮೆತ್ತಗೆ ಒಂದೇ ಪ್ರಶ್ನೆ ಕೇಳಿದರು: “ಬಾಣಂತನ ಎಲ್ಲಾಯ್ತು?”

“ಚೊಚ್ಚಲಲ್ವಾ ಅಣ್ಣ? ತೌರ್ನಲ್ಲೇ, ಗುಂಡ್ಲುಪ್ಯಾಟೆ ತಾವ. ಕಾಗ್ಜ ತಂದ್ಕೊಟ್ಟಿದ್ದು ನಮ್ಮ ಬಾಮೈದ. ಈಗ ಅವ್ನೂ ಇಲ್ಲ. ಆದ್ರೂ ನಮ್ಮನೆ ಕೂಸು ಅಂದ್ಮೇಲೆ ಲೆಕ್ಕ ನಮ್ಮೂರ್ದೇ ಅಲ್ವಾ?”

ಅಲ್ಲ. ಮಗು ಯಾರ ಮನೆಯದಾದರೇನು, ದಾಖಲಾಗುವುದು ಹುಟ್ಟಿದ ಜಾಗದಲ್ಲಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಈ ಸೀಮೆಯಲ್ಲಿ ಹತ್ತಕ್ಕೆ ನಾಲ್ಕು ಕಾಗದ ಹೀಗೇ ಅಪ್ಪನ ಊರಲ್ಲಿ ಕಳೆದುಹೋಗುತ್ತವೆ ಎಂಬುದು ಮರಿಯಯ್ಯನ ಅನುಭವ.

ಗುಂಡ್ಲುಪೇಟೆಯ ದಾಖಲೆ ಕೊಠಡಿ ಹತ್ತೂವರೆಗೆ ತೆರೆಯುತ್ತದೆ. ಅರ್ಜಿ ಕೊಟ್ಟು, ಟವೆಲನ್ನು ಮೂಗಿಗೆ ಬಿಗಿದು, ಮರಿಯಯ್ಯ ಸಿಬ್ಬಂದಿಯ ಪಕ್ಕ ನಿಲ್ಲುತ್ತಾರೆ. ಮೊದಲ ರಿಜಿಸ್ಟರಿನಲ್ಲಿಲ್ಲ. ಎರಡನೆಯದರಲ್ಲಿಲ್ಲ. ಕೆಮ್ಮು ಹತ್ತಿ ಹೊರಗೆ ಹೋಗಿ ನೀರು ಕುಡಿದು ಬರುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ, ಮೂರನೆಯ ರಿಜಿಸ್ಟರಿನ ನಡುವೆ, ನೀಲಿ ಶಾಯಿಯ ಸಾಲೊಂದರ ಮೇಲೆ ಅವರ ಬೆರಳು ನಿಲ್ಲುತ್ತದೆ. ಹೆಣ್ಣು. ತಾಯಿ ರಾಜಮ್ಮಣಿ, ತಂದೆ ಶಿವಮಲ್ಲು, ಹರದನಹಳ್ಳಿ. ಮಗುವಿನ ಹೆಸರು ಪವಿತ್ರ.

“ಸಿಕ್ಬುಡ್ತು ಕಣ ಮಗ” ಎಂದು ಅಲ್ಲಿಂದಲೇ ಮಸ್ಕತ್ತಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಕೇಳುವುದು ಅಳು. “ಅಳ್ಬೇಡ ಕಣಮ್ಮಿ, ಇನ್ನೂ ಸೈನ್ ಆಗ್ಬೇಕು” ಎಂದು ಸಮಾಧಾನ ಹೇಳುತ್ತಾರೆ.

ಸಹಿಯಾಗುವುದಕ್ಕೆ ಮತ್ತೆ ನಾಲ್ಕು ದಿನ, ಎರಡು ಓಡಾಟ. ಕೊರಿಯರ್ ನಂಬಿಕೊಂಡು ಕೂರುವಷ್ಟು ಹೊತ್ತಿಲ್ಲ. ಗಡಿಯಾಚೆ ಕೇರಳದ ಸುಲ್ತಾನ್ ಬತ್ತೇರಿಯ ನರ್ಸೊಬ್ಬರು ರಜೆ ಮುಗಿಸಿ, ಮಾರನೆಯ ದಿನ ಕೋಯಿಕ್ಕೋಡ್‌ನಿಂದ ಮಸ್ಕತ್ತಿಗೆ ಹೊರಟಿದ್ದಾರೆಂದು ಪವಿತ್ರ ತಿಳಿಸುತ್ತಾರೆ. ಮರಿಯಯ್ಯ ಕೇರಳದ ಬಸ್ಸು ಹತ್ತಿ ಬತ್ತೇರಿಗೇ ಹೋಗಿ, ಲಕೋಟೆಯನ್ನು ಆ ಹುಡುಗಿಯ ಕೈಯಲ್ಲಿಟ್ಟು, “ಮಡಚ್ಬೇಡ, ಸೂಟ್‌ಕೇಸಲ್ಲಿ ಆಕ್ಬೇಡ, ಕೈಯಲ್ಲೇ ಇಟ್ಕೊ” ಎಂದು ಮೂರು ಸಲ ಹೇಳಿ ಬಂದಿದ್ದಾರೆ.

ಗಡುವಿಗೆ ಎರಡು ದಿನವಿರುವಾಗ ಪವಿತ್ರ ಅವರ ಫೋನು ಬರುತ್ತದೆ. “ದೊಡ್ಡಪ್ಪ, ತಕ್ಕೊಂಡ್ರು. ಹಿಂದೆ ಮುಂದೆ ತಿರುಗ್ಸಿ ನೋಡುದ್ರು, ಒಂದ್ ಮಾತೂ ಕೇಳ್ಲಿಲ್ಲ. ಕೆಲ್ಸ ಉಳೀತು.”

ಮರಿಯಯ್ಯ ಫೋನನ್ನು ಜೇಬಿಗಿಟ್ಟು ಮತ್ತೆ ಫೈಲು ಬಿಚ್ಚುತ್ತಾರೆ. ಅವರಿಗೆ ಪಾಸ್‌ಪೋರ್ಟಿಲ್ಲ. ವಿಮಾನ ನಿಲ್ದಾಣದ ಬಾಗಿಲನ್ನೂ ಕಂಡವರಲ್ಲ.

“ನಾನು ಬತ್ತೇರಿಯಿಂದ ಆಚೆಗೆ ಓಗಿಲ್ಲ ಕಣ. ನಾನು ತೆಗ್ಸಿದ್ ಕಾಗ್ಜ ಅನ್ನೊಂದು ದೇಸ ನೋಡ್ಬುಟ್ಟವೆ” ಎನ್ನುತ್ತಾರೆ. “ಒಂದೂ ವಾಪಸ್ ಬಂದಿಲ್ಲ.”