ಕ್ಯಾಪ್ಟನ್ ಕಾಫಿ ಕುಡಿಯಲು ಹೋಗಿದ್ದಾಗ

ದೋಣಿ ಹತ್ತಿ ಐದು ನಿಮಿಷ ಆಗಿರಲಿಲ್ಲ, ನನ್ನ ಕೈಗೆ ಈರುಳ್ಳಿ ಚೀಲ ಬಂತು.

ಕೊಟ್ಟವನು ಯೋರಾನ್. ಟ್ರೋಲ್‌ಹೆಟ್ಟನ್‌ನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು. ಒಳ್ಳೆಯ ಮನುಷ್ಯ. ಫೀಕಾ ಮುಗಿದ ಮೇಲೆ (ಸ್ವೀಡನ್ನಿನಲ್ಲಿ ದಿನಕ್ಕೆರಡು ಸಲ ತಪ್ಪದೆ ನಡೆಯುವ ಕಾಫಿ ಪೂಜೆ) ಎಲ್ಲರ ಕಪ್ಪನ್ನೂ ತಾನೇ ತೊಳೆದಿಡುತ್ತಾನೆ. ಮಕ್ಕಳು ಚಿಕ್ಕವರಿದ್ದಾಗ ತಿಂಗಳುಗಟ್ಟಲೆ ರಜೆ ಹಾಕಿ ಡೈಪರ್ ಬದಲಿಸಿದವನು. ಕಳೆದ ಬೇಸಿಗೆಯಲ್ಲಿ ಗ್ರೀಸ್‌ನಲ್ಲೊಂದು ಹಾಯಿದೋಣಿಯನ್ನು ಎರಡು ವಾರಕ್ಕೆ ಗೊತ್ತುಮಾಡಿ, "ನೀವೂ ಬನ್ನಿ" ಎಂದು ಕರೆದ. ಅವನು, ಅವನ ಹೆಂಡತಿ ಇಂಗ್ರಿಡ್, ನಾನು, ಗಂಡ ಪ್ರಕಾಶ್, ಎಂಟು ವರ್ಷದ ಮಗಳು ನಿಧಿ.

ದಡದಲ್ಲಿ ಅಷ್ಟೆಲ್ಲ ಸಮಾನತೆ ಪಾಲಿಸುವ ಯೋರಾನ್, ದೋಣಿಗೆ ಕಾಲಿಟ್ಟ ಕೂಡಲೇ ಅವನ ಅಜ್ಜನಾಗಿಬಿಟ್ಟ.

"ಪ್ರಕಾಶ್ ಸ್ಟೀರಿಂಗ್ ಕಲೀಲಿ. ನೀನು ಕಿಚನ್ ನೋಡ್ಕೋ. ಇಂಡಿಯನ್ ಫುಡ್! ಇಂಗ್ರಿಡ್ ಹೆಲ್ಪ್ ಮಾಡ್ತಾಳೆ."

ಸ್ವಾಮೀ, ನಾನು ಹುಟ್ಟಿದ್ದು ಮಲ್ಪೆಯಲ್ಲಿ. ಅಪ್ಪನದು ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪ್. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಸ್ಪ್ಯಾನರ್ ಎತ್ತಿ ಕೊಡುತ್ತ ಬೆಳೆದವಳು. ಪ್ರಕಾಶ್ ಮೈಸೂರಿನವನು. ಅಲ್ಲಿಯವರೆಗೆ ಅವನು ನಡೆಸಿದ ಅತಿ ದೊಡ್ಡ ದೋಣಿ ಕಾರಂಜಿ ಕೆರೆಯ ಪೆಡಲ್ ಬೋಟು. ಆದರೂ ಚುಕ್ಕಾಣಿ ಯಾರಿಗೆ? ಈರುಳ್ಳಿ ಯಾರಿಗೆ?

ಚೀಲ ಹಿಡಿದು ಕೆಳಗಿಳಿದೆ. ಕರೆಸಿಕೊಂಡು ಬಂದವರು ಜಗಳ ಆಡುತ್ತಾರೆಯೇ?

ಹಾಯಿದೋಣಿಯ ಬದುಕು ಫೋಟೋದಲ್ಲಿ ಬಹಳ ಚೆನ್ನ. ಮೇಲೆ ಬಿಳಿ ಹಾಯಿ, ಕೆಳಗೆ ನೀಲಿ ನೀರು, ದೂರದಲ್ಲಿ ಸುಣ್ಣ ಬಳಿದ ಊರು. ಅಡುಗೆಮನೆ ಮಾತ್ರ ದೋಣಿಯ ಹೊಟ್ಟೆಯೊಳಗೆ, ರೈಲಿನ ಶೌಚಾಲಯದಷ್ಟೇ ಜಾಗ. ಜುಲೈ ಬಿಸಿಲಿಗೆ ಅದು ಕುಲುಮೆ. ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ, ನಾವೂ ತೂಗಬೇಕು. ಕುಡಿಯುವ ನೀರು ಲೆಕ್ಕಾಚಾರದ್ದು, ಪಾತ್ರೆಗೆ ಸಮುದ್ರದ ನೀರೇ ಗತಿ. ಒಂದು ದ್ವೀಪ ಹಿಂದೆ ಸರಿದು ಇನ್ನೊಂದು ಬರುವಾಗ ಮೇಲಿನಿಂದ "ಅಬ್ಬಾ, ನೋಡ್ರೋ!" ಎಂದು ಕೂಗು. ನಾನು ಒಗ್ಗರಣೆ ಬಿಟ್ಟು ಏಣಿ ಹತ್ತುವಷ್ಟರಲ್ಲಿ ಡಾಲ್ಫಿನ್ ಹೋಗಿರುತ್ತಿತ್ತು.

ಆರನೇ ದಿನ ಮಧ್ಯಾಹ್ನ. ಪುಟ್ಟ ದ್ವೀಪವೊಂದರ ಕೊಲ್ಲಿಯಲ್ಲಿ ಲಂಗರು ಹಾಕಿದ್ದೆವು. "ಐಸ್ ತರ್ತೀವಿ, ಹಾಗೇ ಒಂದು ಕಾಫಿ" ಎಂದು ಗಂಡಸರಿಬ್ಬರೂ ರಬ್ಬರ್ ದೋಣಿ ಹತ್ತಿ ಊರಿನ ಕಡೆ ಹೋದರು. ಅರ್ಧ ಗಂಟೆಯಲ್ಲಿ ಉತ್ತರದಿಂದ ಗಾಳಿ ಎದ್ದಿತು. ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲದೆ, ಸುಳಿವೇ ಕೊಡದೆ ಬೀಸುವ ಬೇಸಿಗೆಯ ಗಾಳಿ ಅದು. ನಾನು ಕೆಳಗೆ ಬದನೆಕಾಯಿ ಹೆಚ್ಚುತ್ತಿದ್ದೆ. ಮೇಲಿನಿಂದ ನಿಧಿ ಸ್ವೀಡಿಷ್‌ನಲ್ಲಿ ಕಿರುಚಿದಳು.

"ಅಮ್ಮಾ, ಕಲ್ಲುಗಳು ಬರ್ತಾ ಇವೆ!"

ಏಣಿ ಹತ್ತಿ ನೋಡಿದರೆ ಕಲ್ಲು ಬರುತ್ತಿರಲಿಲ್ಲ, ನಾವೇ ಹೋಗುತ್ತಿದ್ದೆವು. ಲಂಗರು ನೆಲ ಬಿಟ್ಟಿತ್ತು. ಹಿಂದಿದ್ದ ಬಂಡೆಗಳ ಮೇಲಿನ ಪಾಚಿ ಎಳೆ ಎಳೆಯಾಗಿ ಕಾಣಿಸುವಷ್ಟು ಹತ್ತಿರ.

ಇಂಗ್ರಿಡ್ ಮುಖ ಬಿಳಿಚಿತ್ತು. "ಲಂಗರೆತ್ತೋ ಬಟನ್ ನಂಗೊತ್ತು. ಎಂಜಿನ್ ಮಾತ್ರ ಇಪ್ಪತ್ತು ವರ್ಷದಲ್ಲಿ ಮುಟ್ಟಿಲ್ಲ. ಅದು ಯೋರಾನ್ ಡಿಪಾರ್ಟ್‌ಮೆಂಟ್."

"ನೀನು ಲಂಗರಿನ ಹತ್ರ ಹೋಗು" ಎಂದೆ. ನಿಧಿಯ ಲೈಫ್ ಜಾಕೆಟ್ಟನ್ನು ಬಿಗಿದು, ಚುಕ್ಕಾಣಿಯ ಪಕ್ಕ ಕೂರಿಸಿದೆ. ಕೀಲಿ ತಿರುಗಿಸಿದೆ. ಎಂಜಿನ್ ಗರಗರ ಎಂದಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ಡೀಸೆಲ್ ಎಂಜಿನ್ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಎಂದರೆ? ಎಣ್ಣೆ ಹೋಗುತ್ತಿಲ್ಲ. ಯಾಕೆ ಹೋಗುತ್ತಿಲ್ಲ? ಮೊಣಕಾಲ ಹತ್ತಿರ ನೋಡಿದೆ. ಎಂಜಿನ್ ನಿಲ್ಲಿಸಲು ಎಳೆಯುವ ಹಿಡಿ. ನಿಲ್ಲಿಸಿದ ಮೇಲೆ ಅದನ್ನು ಒಳಗೆ ತಳ್ಳಬೇಕು, ಇಲ್ಲದಿದ್ದರೆ ಎಣ್ಣೆಯ ದಾರಿ ಮುಚ್ಚಿಯೇ ಇರುತ್ತದೆ. ನಮ್ಮ ಕ್ಯಾಪ್ಟನ್ ಸಾಹೇಬರು ಕಾಫಿಯ ಅವಸರದಲ್ಲಿ ಅದನ್ನು ಹೊರಗೇ ಬಿಟ್ಟು ಹೋಗಿದ್ದರು!

ತಳ್ಳಿದೆ. ಕೀಲಿ ತಿರುಗಿಸಿದೆ. ಹತ್ತಿತು.

ನಿಧಾನ ಮುಂದಕ್ಕೆ ಒಯ್ದೆ. ಇಂಗ್ರಿಡ್ ಸರಪಳಿ ಎತ್ತುತ್ತ, ಯಾವ ಕಡೆ ತಿರುಗಬೇಕೆಂದು ಕೈ ತೋರಿಸಿದಳು. ಕೊಲ್ಲಿಯ ಇನ್ನೊಂದು ಬದಿಗೆ, ಗುಡ್ಡದ ಮರೆಗೆ ಹೋಗಿ ಮತ್ತೆ ಲಂಗರು ಹಾಕಿದೆವು. ಮೊದಲ ಸಲ ಹಿಡಿಯಲಿಲ್ಲ. ಎರಡನೇ ಸಲ ಹಿಡಿಯಿತು. ಆಮೇಲೆ ಇಬ್ಬರೂ ಅಲ್ಲೇ ಕುಸಿದು ಕೂತು ನಕ್ಕೆವು. ಇಂಗ್ರಿಡ್ ನಗುತ್ತ ನಗುತ್ತ ಅತ್ತಳು.

ಒಂದು ಗಂಟೆಯ ಮೇಲೆ ಗಂಡಸರು ಐಸ್ ಸಮೇತ ಬಂದರು. ಯೋರಾನ್‌ನ ಮೊದಲ ಮಾತೇನು ಗೊತ್ತೇ?

"ದೋಣಿ ಯಾಕೆ ಜರುಗಿಸಿದ್ರಿ?"

ವಿಷಯ ತಿಳಿದ ಮೇಲೆ ಅವನ ಮುಖ ಸಣ್ಣದಾಯಿತು. "ಬ್ರಾ, ಬ್ರಾ" ಎಂದ. ಸ್ವೀಡಿಷ್‌ನಲ್ಲಿ ಒಳ್ಳೆಯದಾಯಿತು ಎಂದರ್ಥ. ಪ್ರಕಾಶ್ ನನ್ನ ಬೆನ್ನು ತಟ್ಟಿದ. ಮರುದಿನ ಬೆಳಿಗ್ಗೆ ಚುಕ್ಕಾಣಿ ಮತ್ತೆ ಅವನ ಕೈಯಲ್ಲಿ, ಕಲ್ಲಂಗಡಿ ನನ್ನ ಕೈಯಲ್ಲಿ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ.

ಗಣೇಶನ ಹಬ್ಬಕ್ಕೆ ಇಲ್ಲಿನ ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದೆವು. ಪ್ರಕಾಶ್ ಶುರು ಮಾಡಿದ. "ಏನ್ ಗಾಳಿ ಗೊತ್ತಾ ಗುರೂ! ಆಂಕರ್ ಜಾರ್ಬಿಡ್ತು. ಬಂಡೆಗೂ ನಮಗೂ ಬರೀ ಹತ್ತಡಿ. ಎಂಜಿನ್ ಬೇರೆ ಸ್ಟಾರ್ಟ್ ಆಗ್ತಿಲ್ಲ. ಹೆಂಗೋ ಮಾಡಿ ಸ್ಟಾರ್ಟ್ ಮಾಡಿ, ತಿರುಗಿಸ್ಕೊಂಡು ಬಂದ್ವಿ." ಬಂದ್ವಿ! ನಾನು ನಕ್ಕು ಕಡುಬು ಬಡಿಸುತ್ತ ಹೋದೆ. ಅದು ನನ್ನ ತಪ್ಪು. ಆಮೇಲೆ ಆಫೀಸಿನವರಿಗೆ, ಫೋನಿನಲ್ಲಿ ಮೈಸೂರಿಗೆ, ಊಟಕ್ಕೆ ಬಂದವರಿಗೆಲ್ಲ ಅದೇ ಕಥೆ. ಸಲಸಲಕ್ಕೂ ಗಾಳಿ ಜೋರಾಗುತ್ತ ಹೋಯಿತು, ಬಂಡೆ ಹತ್ತಿರವಾಗುತ್ತ ಬಂತು.

ಅಕ್ಟೋಬರಿನಲ್ಲಿ ನಿಧಿಯ ಟೀಚರ್ ನಮ್ಮನ್ನು ಶಾಲೆಗೆ ಕರೆದರು. ಗೋಡೆಯ ಮೇಲೆ ಮಕ್ಕಳ ಬೇಸಿಗೆ ರಜೆಯ ಚಿತ್ರಗಳು. ನಿಧಿಯದ್ದರಲ್ಲಿ ಎತ್ತೆತ್ತರದ ಅಲೆ, ಕಪ್ಪು ಬಂಡೆ. ಚುಕ್ಕಾಣಿ ಹಿಡಿದು ಅಪ್ಪ. ಲಂಗರೆತ್ತುತ್ತಿರುವ ಯೋರಾನ್. ಅಮ್ಮ? ಕೆಳಗೊಂದು ದುಂಡು ಕಿಟಕಿಯಲ್ಲಿ, ಬಾಣಲೆ ಹಿಡಿದು.

"ನೀವು ತುಂಬಾ ಚೆನ್ನಾಗಿ ಅಡುಗೆ ಮಾಡ್ತೀರಂತೆ" ಎಂದರು ಟೀಚರ್.

ಮನೆಗೆ ಬಂದು ಕೇಳಿದೆ, "ಪುಟ್ಟಿ, ಅವತ್ತು ನೀನು ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ?"

ನಿಧಿ ಸ್ವೀಡಿಷ್‌ನಲ್ಲೇ ಹೇಳಿದಳು, "ಆದ್ರೆ ಅಪ್ಪ ಹಾಗೆ ಹೇಳ್ತಾರಲ್ಲ."

ಕಣ್ಣಾರೆ ಕಂಡ ಮಗು! ಭಯದಲ್ಲಿ ನನ್ನ ಅಂಗಿಯ ಚುಂಗು ಹಿಡಿದು ಕೂತಿದ್ದ ಮಗು! ಅವಳ ತಲೆಯಿಂದಲೇ ನನ್ನನ್ನು ಎತ್ತಿ ಕಿಟಕಿಯೊಳಗೆ ಹಾಕಿಬಿಟ್ಟಿದ್ದಾರೆ. ಪ್ರಕಾಶನಿಗೆ ಹೇಳಿದರೆ, "ಅಯ್ಯೋ, 'ನಾವು' ಅಂದ್ರೆ ನೀನೂ ಸೇರ್ತೀಯಲ್ಲ ಮಾರಾಯ್ತಿ" ಎಂದು ಟಿವಿ ಕಡೆ ತಿರುಗಿದ.

ಕಳೆದ ವಾರ ದೀಪಾವಳಿ ಊಟ. ಹೊಸದಾಗಿ ಬಂದ ದಂಪತಿಯ ಮುಂದೆ ಪ್ರಕಾಶ್ ಮತ್ತೆ ಗ್ರೀಸ್‌ಗೆ ಹೊರಟ. ಎಂಜಿನ್ ಹತ್ತುವ ಜಾಗಕ್ಕೆ ಬಂದಾಗ ನಾನು ತಟ್ಟೆ ಕೆಳಗಿಟ್ಟೆ.

"ಪ್ರಕಾಶ್, ಆ ಹೊತ್ತಿಗೆ ನೀನು ಎಲ್ಲಿದ್ದೆ?"

ಎಲ್ಲರೂ ಅವನನ್ನೇ ನೋಡಿದರು. ನಿಧಿ ಕೂಡ.

"ನಾನು... ಊರೊಳಗೆ. ಕಾಫಿ" ಎಂದ.

ಉಳಿದ ಕಥೆಯನ್ನು ನಾನು ಹೇಳಿದೆ. ಕೀಲಿ, ಹಿಡಿ, ಇಂಗ್ರಿಡ್, ಎರಡನೇ ಸಲ ಕಚ್ಚಿದ ಲಂಗರು. ಗಾಳಿಯನ್ನು ಬೀಸಿದಷ್ಟೇ ಬೀಸಿಸಿದೆ. ಹೊಸದಾಗಿ ಬಂದ ಹುಡುಗಿ ಊಟ ಬಿಟ್ಟು ಕೇಳಿದಳು.

ಮನೆಗೆ ಮರಳುವಾಗ ಕಾರಿನಲ್ಲಿ ಪ್ರಕಾಶ್ ಹೇಳಿದ, "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದೆ."

ತೆಗೆದಿರಬಹುದು, ಆದರೆ ಗಣೇಶನ ಹಬ್ಬದಿಂದ ಅವನು ಹಾಕಿಕೊಂಡು ತಿರುಗುತ್ತಿದ್ದ ಆ ಮರ್ಯಾದೆ ಯಾರದು?