ಮೂರನೇ ಮಾವಿನಕಾಯಿ

ನಾಯಿ ನನ್ನ ಕಡೆಗೇ ಬರುತ್ತಿತ್ತು.

ದೊಡ್ಡ ನಾಯಿಯೇನಲ್ಲ, ಬೀಗಲ್. ಹಸಿರು ಅಂಗಿ ತೊಟ್ಟ, ಮೊಣಕಾಲೆತ್ತರದ, ಬೇರೆಲ್ಲಾದರೂ ಕಂಡಿದ್ದರೆ ಎತ್ತಿ ಮುದ್ದಾಡಬೇಕೆನಿಸುವ ಪ್ರಾಣಿ. ಆದರೆ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ, ಬಂದಿಳಿದವರ ಸಾಲಿನಲ್ಲಿ ಅದನ್ನು ಮುದ್ದು ಎಂದವರನ್ನು ನಾನು ಕಂಡಿಲ್ಲ. ಅದು ಒಬ್ಬೊಬ್ಬರ ಬ್ಯಾಗನ್ನೂ ಮೂಸುತ್ತಾ ಬರುತ್ತದೆ. ಏನೂ ಇಲ್ಲದಿದ್ದರೆ ಮುಂದೆ ಹೋಗುತ್ತದೆ. ಇದ್ದರೆ ಬೊಗಳುವುದಿಲ್ಲ, ಕಚ್ಚುವುದಿಲ್ಲ. ಸುಮ್ಮನೆ ನಿಮ್ಮ ಪಕ್ಕ ಕುಳಿತುಬಿಡುತ್ತದೆ. ಇಡೀ ಸಾಲು ತಿರುಗಿ ನಿಮ್ಮನ್ನು ನೋಡುತ್ತದೆ.

ನನ್ನ ಬ್ಯಾಗಿನಲ್ಲಿ ಎರಡು ಹಸಿ ಮಾವಿನಕಾಯಿ ಇದ್ದವು. ಕೈಯಲ್ಲಿ ಅರೈವಲ್ ಕಾರ್ಡ್. ‘ತಿನ್ನುವ ಪದಾರ್ಥ ಏನಾದರೂ ತಂದಿದ್ದೀರಾ?’ ಎಂಬ ಪ್ರಶ್ನೆಯ ಮುಂದಿನ ಚೌಕ ಇನ್ನೂ ಖಾಲಿ.

(ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಈ ದೇಶಕ್ಕೆ ಹಣ್ಣು, ಕಾಯಿ ತರುವಂತಿಲ್ಲ. ಅದರ ಜೊತೆ ಒಂದು ಹುಳ ಬಂದರೂ ಇಲ್ಲಿನ ತೋಟಗಳ ಕಥೆ ಮುಗೀತು. ತಂದಿದ್ದೇನೆ ಎಂದು ಬರೆದರೆ ದಂಡವಿಲ್ಲ, ಕಾಯಿ ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ಕಾಯಿಯೂ ಹೋಗುತ್ತದೆ, ನಿಂತ ಜಾಗದಲ್ಲೇ ನಾನೂರು ಡಾಲರ್ ದಂಡ, ಮೇಲೆ ಅವಮಾನ.)

ಇದೆಲ್ಲ ಗೊತ್ತಿದ್ದೂ ತಂದುಬಿಟ್ಟೆಯಾ, ತಾಯಿ ಎಂದು ನೀವು ಕೇಳಬಹುದು. ಕೇಳಿ. ತಪ್ಪು ನನ್ನದೇ. ಆದರೆ ಬಸುರಿ ಹೆಂಗಸೊಬ್ಬಳು ಬಾಯಿಬಿಟ್ಟು ಕೇಳಿದಾಗ ‘ಇಲ್ಲ’ ಎನ್ನುವ ಗಟ್ಟಿ ಗುಂಡಿಗೆ ನಮ್ಮ ಹುಬ್ಬಳ್ಳಿಯವರಿಗೆ ಎಲ್ಲಿಂದ ಬರಬೇಕು?

ಅವಳ ಹೆಸರು ಮರಿಟೆಸ್. ಆಕ್ಲೆಂಡ್‌ನ ಪಾಪಟೋಟೊಯಿ ಬಡಾವಣೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿರುವ ರೆಸ್ಟ್ ಹೋಮ್‌ನಲ್ಲೇ ಅವಳೂ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಫಿಲಿಪ್ಪೀನ್ಸ್‌ನವಳು. ನನ್ನನ್ನು ‘ಆತೆ’ ಎನ್ನುತ್ತಾಳೆ. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ. ನಾಲ್ಕು ವರ್ಷದಿಂದ ಊರಿಗೆ ಹೋಗಿಲ್ಲ. ಈಗ ಏಳು ತುಂಬಿದೆ, ವಿಮಾನ ಹತ್ತುವ ಹಾಗಿಲ್ಲ. ನಾನು ಫಿಲಿಪ್ಪೀನ್ಸ್‌ಗೆ ಟಿಕೆಟ್ ತೆಗೆದೆ ಎಂದು ಗೊತ್ತಾದ ದಿನ ಊಟದ ಕೋಣೆಯಲ್ಲಿ ನನ್ನ ಎದುರು ಬಂದು ಕೂತಳು.

“ಆತೆ, ನಮ್ಮಮ್ಮನ ಗಿಡದ ಮಾವಿನಕಾಯಿ ತಿನ್ನಬೇಕು ಅನಿಸ್ತಿದೆ.”

“ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗತ್ತಲ್ಲೇ.”

“ಅದು ನಮ್ಮಮ್ಮನ ಗಿಡದ್ದಲ್ಲ.”

ಇದಕ್ಕೆ ಏನು ಉತ್ತರ ಕೊಡ್ತೀರಿ? ನಮ್ಮಲ್ಲಿ ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಅವರಲ್ಲೂ ಬಯಕೆಗೆ ಪಗ್ಲಿಲಿಹಿ ಎಂಬ ಹೆಸರಿದೆ. ಆ ಹೊತ್ತಿನಲ್ಲಿ ತಾಯಿ ಏನು ತಿಂದಳು ಎಂಬುದು ಮಗುವಿನ ಮುಖದಲ್ಲಿ ಕಾಣುತ್ತದಂತೆ. ಓದಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ. (ನಂಬದೆ ಇರುವುದಕ್ಕೂ ಧೈರ್ಯ ಸಾಲದು.) “ತರ್ತೀನಿ ಬಿಡು” ಎಂದುಬಿಟ್ಟೆ.

ಅಂದ ಮೇಲೆ ಮುಗೀತು.

ಫಿಲಿಪ್ಪೀನ್ಸ್ ನನಗೆ ಹಿಡಿದ ಹುಚ್ಚು. ಇದು ಮೂರನೇ ಸಲ. ಮಗಳನ್ನು ಅವಳಪ್ಪನ ಕೈಗೆ ಒಪ್ಪಿಸಿ ಒಬ್ಬಳೇ ಹೊರಡುತ್ತೇನೆ. “ಅಲ್ಲಿ ಏನಿದೆ ಅಂತ ಹೋಗ್ತೀಯಾ?” ಎಂದು ಕೇಳದ ಕನ್ನಡಿಗರು ಆಕ್ಲೆಂಡ್‌ನಲ್ಲಿ ಉಳಿದಿಲ್ಲ. ಏನಿಲ್ಲ ಹೇಳಿ? ಮೊದಲ ಸಲ ಬೊಹೊಲ್ ದ್ವೀಪದಲ್ಲಿ ಬೋರಲು ಹಾಕಿದ ಬಟ್ಟಲುಗಳಂಥ ಗುಡ್ಡಗಳನ್ನು ನೋಡುತ್ತಾ ಅರ್ಧ ದಿನ ಕೂತಿದ್ದೆ. ಎರಡನೇ ಸಲ ಸಿಕಿಹೋರ್‌ನಲ್ಲಿ ಮೊಪೆಡ್ ಬಾಡಿಗೆಗೆ ಪಡೆದು ದ್ವೀಪವನ್ನೇ ಒಂದು ಸುತ್ತು ಹಾಕಿ ಬಂದೆ. ಬೆಳಿಗ್ಗೆ ಎದ್ದರೆ “ತಹೋ…” ಎಂದು ಬೀದಿಯಲ್ಲಿ ಕೂಗು. ಹೊರಗೆ ಓಡಿದರೆ ಬಿಸಿ ಸೋಯಾ ಗಿಣ್ಣಕ್ಕೆ ಬೆಲ್ಲದ ಪಾಕ ಹುಯ್ದು ಲೋಟದಲ್ಲಿ ಕೊಡುತ್ತಾರೆ. ಪುತೋ ಎಂಬ ಅಕ್ಕಿಹಿಟ್ಟಿನ ತಿಂಡಿ ಇದೆ, ಥೇಟ್ ಸಿಹಿ ಇಡ್ಲಿ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸುವ ಸುಮನ್ ಬಿಚ್ಚುವಾಗ ಬರುವ ವಾಸನೆಗೆ ನನಗೆ ನಮ್ಮವ್ವನ ಅಡಿಗೆಮನೆ ನೆನಪಾಗುತ್ತದೆ. ನಾನು ಮೀನು ತಿನ್ನಲು ಕಲಿತದ್ದೂ ಅಲ್ಲೇ. (ಊರಿಗೆ ಹೇಳಬೇಡಿ.)

ಈ ಸಲ ಇಲೋಯಿಲೋ ಪಟ್ಟಣದಿಂದ ದೋಣಿ ಹತ್ತಿ ಮರಿಟೆಸ್‌ಳ ಊರಾದ ಗಿಮರಾಸ್ ದ್ವೀಪಕ್ಕೆ ಹೋದೆ. ಇಪ್ಪತ್ತು ನಿಮಿಷದ ದಾರಿ. ಮಾವಿಗೆ ಹೆಸರಾದ ದ್ವೀಪ ಅದು. ಬೇರೆ ಕಡೆಯ ಮಾವು ಒಳಗೆ ತರುವಂತಿಲ್ಲ ಎಂದು ದಡದಲ್ಲೇ ಬೋರ್ಡ್ ಹಾಕಿದ್ದಾರೆ. ಓದಿ ನಕ್ಕೆ. ಆ ನಗು ಎಷ್ಟು ದಿನ ಉಳಿಯುತ್ತದೆಂದು ಆಗ ಗೊತ್ತಿರಲಿಲ್ಲ.

ಮರಿಟೆಸ್‌ಳ ತಾಯಿಯನ್ನು ಅಲ್ಲಿ ಎಲ್ಲರೂ ನಾನಾಯ್ ಎನ್ನುತ್ತಾರೆ, ಅಮ್ಮ ಎಂದು. ನನ್ನನ್ನು ಕಂಡವರೇ ಕೈಹಿಡಿದು ಒಳಗೆ ಕರೆದೊಯ್ದು ಬಡಿಸಿದ್ದು ಏನು ಗೊತ್ತೇ? ತೊಗರಿಕಾಳು, ಎಳೆ ಹಲಸಿನಕಾಯಿ, ನಮ್ಮ ಮುರುಗಲು ಹುಳಿಯಂಥದ್ದೇ ಒಂದು ಹುಳಿ ಹಾಕಿದ ಸಾರು. ಹಂದಿಮಾಂಸ ಇಲ್ಲದೆ ಅವರು ಆ ಸಾರು ಮಾಡುವುದೇ ಇಲ್ಲ. ನನಗೋಸ್ಕರ ಅದನ್ನು ಬಿಟ್ಟು ಮಾಡಿದ್ದರು. ತೊಗರಿ! ಕಲಬುರ್ಗಿ ಬಿಟ್ಟು ಇಷ್ಟು ದೂರ ಬಂದು ಸಿಕ್ಕಿತಲ್ಲ ಎಂದು ಕಣ್ಣು ತುಂಬಿ ಮೂರು ಸಲ ಅನ್ನ ಹಾಕಿಸಿಕೊಂಡೆ.

ಹೊರಡುವಾಗ ನಾನಾಯ್ ಎರಡು ಮಾವಿನಕಾಯಿ, ಸಿಗಡಿಗೆ ಉಪ್ಪು ಬೆರೆಸಿ ಹುದುಗಿಸಿದ ಗೊಜ್ಜಿನ ಒಂದು ಬಾಟಲಿ, ಹುಟ್ಟುವ ಮೊಮ್ಮಗುವಿಗೆಂದು ತಾವೇ ಹೊಲಿದ ಒಂದು ಪುಟ್ಟ ಕೌದಿ ಕೊಟ್ಟರು. ತುಂಡು ತುಂಡು ಬಟ್ಟೆ ಸೇರಿಸಿ ಹೊಲಿದದ್ದು, ನಮ್ಮ ಕಡೆಯ ಕೌದಿಯ ಹಾಗೇ. ಆಮೇಲೆ ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು: “ಏರ್‌ಪೋರ್ಟಿನವರು ಕಿತ್ಕೊಳ್ತಾರಾ?”

ನಾನೋ, ಊಟದ ಮತ್ತಿನಲ್ಲಿದ್ದೆ. “ಕಣ್ಣಿಗೆ ಬಿದ್ದಿದ್ದನ್ನ ಬಿಡಲ್ಲ ನಾನಾಯ್” ಎಂದು ಜೋರಾಗಿ ನಕ್ಕೆ.

ಅವರು ನಗಲಿಲ್ಲ. “ನೀನು ಮುಖ ತೊಳ್ಕೊಂಡು ಬಾ, ಬ್ಯಾಗು ನಾನು ಕಟ್ತೀನಿ” ಎಂದರು.

ಈಗ ವಾಪಸ್ ಸಾಲಿಗೆ ಬನ್ನಿ. ನಾಯಿ ನನ್ನಿಂದ ನಾಲ್ಕು ಜನ ಆಚೆ.

ಖಾಲಿ ಚೌಕ ನೋಡುತ್ತಾ ನಿಂತ ನನಗೆ ನೆನಪಾದದ್ದು ಶಿವಾನಂದ. ಹತ್ತು ವರ್ಷದ ಹಿಂದೆ ನಾನು ಬಸುರಿಯಾಗಿದ್ದಾಗ ಅವನು ಇಲ್ಲಿ ಓದುತ್ತಿದ್ದ, ನಮ್ಮ ಹಿಂದಿನ ಬೀದಿಯಲ್ಲಿ ಇಬ್ಬರು ಫ್ಲ್ಯಾಟ್‌ಮೇಟ್‌ಗಳ ಜೊತೆ ಇದ್ದ. ಧಾರವಾಡದವನು. ರಜೆಗೆ ಊರಿಗೆ ಹೋದವನ ಕೈಯಲ್ಲಿ ನಮ್ಮವ್ವ ನನಗೆಂದು ಎಳೆ ಹುಣಸೆಕಾಯಿ ಕಳಿಸಿದ್ದಳು. ಎರಡು ತಿಂಗಳಿಂದ ನಾನು ಅದೊಂದನ್ನೇ ಜಪಿಸುತ್ತಿದ್ದೆ. ಅವನು ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ. “ತಗೊಂಡ್ಬಿಟ್ರು ಅಕ್ಕಾರ” ಎಂದ.

ಒಳಗೆ ನಾಲ್ಕು ಜನ ನೆಂಟರಿಷ್ಟರು ಕೂತಿದ್ದರು. ಎಲ್ಲರೆದುರೇ ಕೂಗಾಡಿದೆ. “ಬಚ್ಚಿಟ್ಕೊಂಡು ತರಾಕ ಏನಾಗಿತ್ತು ನಿನಗ? ಬಸರಿ ಹೆಂಗಸಿನ ಬಾಯಿಗಿಂತ ನಿನಗ ಆ ಕಾಗದದ ಮ್ಯಾಲಿನ ಟಿಕ್ಕ ಹೆಚ್ಚಾತೇನು?”

ಅವನು ತಲೆ ತಗ್ಗಿಸಿ ಹೋದ. ಈಗ ಇಲ್ಲೇ ಹತ್ತಿರದ ತಕಾನಿನಿಯಲ್ಲಿ ಮನೆ ಮಾಡಿದ್ದಾನೆ, ಎಂಜಿನಿಯರ್. ಪ್ರತಿ ಯುಗಾದಿಗೆ ನಮ್ಮ ಕನ್ನಡದವರೆಲ್ಲ ಸೇರುವ ಊಟದಲ್ಲಿ ಹೋಳಿಗೆ ಬಡಿಸುವುದು ನಾನೇ. ಎಲ್ಲರಿಗೂ ಎರಡು, ಬೇಡವೆಂದರೂ ಮೂರು, ಮೇಲೆ ತುಪ್ಪ. ಶಿವಾನಂದನಿಗೆ ಒಂದು, ತುಪ್ಪವಿಲ್ಲ. ಕಳೆದ ತಿಂಗಳೂ ಹಾಗೇ ಮಾಡಿದೆ. ಅವನು ಒಮ್ಮೆಯೂ ಎರಡನೆಯದು ಕೇಳಿದವನಲ್ಲ.

ಅಂಥ ನಾನು ಈಗ ‘ಹೌದು’ ಎಂದು ಟಿಕ್ ಹಾಕುವುದೇ? ಹೊರಗೆ ಮರಿಟೆಸ್ ಹೊಟ್ಟೆ ಹೊತ್ತು ನಿಂತಿದ್ದಾಳೆ. ಹಾಕುವುದಿಲ್ಲ. ಆದದ್ದಾಗಲಿ.

ನಾಯಿ ಮೂರು ಜನ ಆಚೆ. ಎರಡು. ನನ್ನ ಮುಂದಿದ್ದವನ ಬೆನ್ನಿನ ಚೀಲ ಮೂಸಿತು. ನನಗೆ ಕೈ ಬೆವೆತು ಪೆನ್ನು ಜಾರಿತು. ಬಗ್ಗಿ ಎತ್ತಿಕೊಂಡೆ, ಬಗ್ಗಿದಲ್ಲೇ ಕಾರ್ಡನ್ನು ತೊಡೆಯ ಮೇಲಿಟ್ಟು ‘ಹೌದು’ ಎಂಬಲ್ಲಿ ಟಿಕ್ ಹಾಕಿಬಿಟ್ಟೆ. ಸತ್ಯದ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ಖರೇ ಹೇಳ್ತೀನಿ, ಹೆದರಿಕೆ. ಬರೀ ಹೆದರಿಕೆ.

ತಲೆಯೆತ್ತಿದಾಗ ನಾಯಿ ನನ್ನ ಪಕ್ಕ ಕುಳಿತಿತ್ತು.

ತಪಾಸಣೆಯ ಮೇಜಿನ ಹಿಂದೆ ಐವತ್ತರ ಆಸುಪಾಸಿನ ಸಮೋವಾದ ಹೆಂಗಸು. ನಾನೇ ಎರಡು ಮಾವಿನಕಾಯಿ ತೆಗೆದು ಮೇಜಿನ ಮೇಲಿಟ್ಟೆ. ಗೊಜ್ಜಿನ ಬಾಟಲಿಯನ್ನೂ ಇಟ್ಟೆ. ಆಕೆ ಬಾಟಲಿಯನ್ನು ತಿರುಗಿಸಿ ನೋಡಿ, ಮೂಗು ಮುರಿದು, “ಇದು ಓಕೆ” ಎಂದು ವಾಪಸ್ ಕೊಟ್ಟಳು. ಮಾವಿನಕಾಯಿ ಕೊಡಲಿಲ್ಲ.

“ಇನ್ನೇನಾದ್ರೂ ಇದೆಯಾ?”

“ಇಲ್ಲ.”

“ಖಂಡಿತಾ?”

“ಖಂಡಿತಾ.”

ಬ್ಯಾಗು ಎಕ್ಸ್-ರೇ ಯಂತ್ರದೊಳಗೆ ಹೋಯಿತು. ಹೋಗಿ ನಿಂತಿತು. ಹಿಂದೆ ಬಂತು, ಮತ್ತೆ ಹೋಯಿತು. ಪರದೆ ನೋಡುತ್ತಿದ್ದವನು ಆಕೆಯನ್ನು ಕರೆದ. ಇಬ್ಬರೂ ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಆಕೆ ಬ್ಯಾಗು ತೆರೆದಳು. ಬಟ್ಟೆ ಸರಿಸಿದಳು. ಕೌದಿಯ ಸುರುಳಿ ಎತ್ತಿ ಮೇಜಿನ ಮೇಲಿಟ್ಟು ಮೆಲ್ಲಗೆ ಬಿಚ್ಚುತ್ತಾ ಹೋದಳು. ಒಂದು ಮಡಿಕೆ. ಎರಡು. ಕೊನೆಯ ಮಡಿಕೆಯಲ್ಲಿ, ಮಲಗಿಸಿದ ಕೂಸಿನ ಹಾಗೆ, ಮೂರನೇ ಮಾವಿನಕಾಯಿ.

ಕಣ್ಣಿಗೆ ಬಿದ್ದಿದ್ದನ್ನ ಬಿಡಲ್ಲ ಎಂದವಳು ನಾನೇ ತಾನೇ? ಆ ತಾಯಿ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದರು.

“ಇದನ್ನ ಪ್ಯಾಕ್ ಮಾಡಿದ್ದು ಯಾರು?” ಆಕೆಯ ದನಿ ಬದಲಾಗಿತ್ತು. ಬ್ಯಾಗಿನಲ್ಲಿ ಏನೇನಿದೆ ಎಂದು ನನಗೆ ಗೊತ್ತು ಎಂಬಲ್ಲಿಯೂ ನಾನು ಟಿಕ್ ಹಾಕಿ ಸಹಿ ಮಾಡಿದ್ದೆ. ಸುಳ್ಳು ಹೇಳಲು ತೋಚಲಿಲ್ಲ, ನಿಜ ಹೇಳಿದರೆ ನಂಬುವವರು ಯಾರು? ಆದರೂ ಎಲ್ಲ ಹೇಳಿದೆ. ಮರಿಟೆಸ್, ಏಳು ತಿಂಗಳು, ನಾನಾಯ್, ನನ್ನ ಕೆಟ್ಟ ತಮಾಷೆ. ಹೇಳುತ್ತಾ ಹೇಳುತ್ತಾ ಅಳು ಬಂತು. ನಲವತ್ತು ದಾಟಿದ ಹೆಂಗಸು, ಮಾವಿನಕಾಯಿಗಾಗಿ ಸಾರ್ವಜನಿಕವಾಗಿ ಅತ್ತೆ. ನಾಚಿಕೆಯಾಯಿತು, ಆದರೆ ಅಳು ನಿಲ್ಲಲಿಲ್ಲ.

ಆಕೆ ಬಹಳ ಹೊತ್ತು ಕಾರ್ಡ್ ನೋಡಿದಳು. ಆಮೇಲೆ ಹೇಳಿದಳು: “ಆಹಾರ ಇದೆ ಅಂತ ಟಿಕ್ ಹಾಕಿದ್ದೀಯ. ಅದೊಂದೇ ನಿನ್ನನ್ನ ಉಳಿಸಿದ್ದು. ಎಚ್ಚರಿಕೆ ಪತ್ರ ಕೊಡ್ತೀನಿ, ದಂಡ ಹಾಕಲ್ಲ.” ಮೂರನೇ ಕಾಯಿಯನ್ನು ತೊಟ್ಟಿಗೆ ಹಾಕುವ ಮುಂಚೆ ಒಂದು ಕ್ಷಣ ಅಂಗೈಯಲ್ಲಿ ತೂಗಿದಳು. “ನಮ್ಮಮ್ಮ ಕೆಸುವಿನ ಗೆಡ್ಡೆನ ಅಪ್ಪನ ಕೋಟಿನ ತೋಳೊಳಗೆ ಇಟ್ಟು ಕಳಿಸ್ತಿದ್ಲು” ಎಂದಳು. ನಗಲಿಲ್ಲ. ಕೌದಿಯನ್ನು ನನಗಿಂತ ಚೆನ್ನಾಗಿ ಮಡಚಿ ಕೊಟ್ಟಳು.

ಹೊರಗೆ ಮರಿಟೆಸ್ ಕಾಯುತ್ತಿದ್ದಳು. ಕಾಗದದಲ್ಲಿ ಉಪ್ಪು ಕಟ್ಟಿಕೊಂಡು ಬಂದಿದ್ದಳು, ಕಾರಿನಲ್ಲೇ ತಿನ್ನೋಣ ಎಂದು.

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳ ಮುಖ ಇಳಿಯಿತು.

“ಬಚ್ಚಿಟ್ಟು ತರೋಕೆ ಆಗ್ತಿರಲಿಲ್ವಾ, ಆತೆ?”

ಹತ್ತು ವರ್ಷದ ಹಿಂದೆ ನಾನು ಕೂಗಿ ಹೇಳಿದ್ದ ಮಾತು ಅದು. ಇವಳು ಕೂಗಲೂ ಇಲ್ಲ. ಅದಕ್ಕೇ ಇನ್ನೂ ಜೋರಾಗಿ ಕೇಳಿಸಿತು. ಬಚ್ಚಿಟ್ಟಿದ್ದರು ಕಣೇ, ನಿಮ್ಮಮ್ಮ ಬಚ್ಚಿಟ್ಟಿದ್ದರು ಎನ್ನಲು ಬಾಯಿ ಬರಲಿಲ್ಲ. ಕೌದಿ ಕೈಗಿತ್ತೆ. ಒಂದು ಮೂಲೆಗೆ ಸೊನೆ ಹತ್ತಿ ಕಲೆಯಾಗಿತ್ತು. ಅವಳು ಅದನ್ನು ಮೂಗಿಗೆ ಒತ್ತಿಕೊಂಡವಳು ಪಾಪಟೋಟೊಯಿ ಬರುವವರೆಗೂ ತೆಗೆಯಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ. ಅವಳ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನನಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾಗಬೇಕು?

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಶಿವಾನಂದನಿಗೆ ಫೋನ್ ಮಾಡಿದೆ. ಹಬ್ಬ ಹುಣ್ಣಿಮೆಗೂ ನಾನು ಫೋನ್ ಮಾಡಿದವಳಲ್ಲ. ಅವನಿಗೆ ಗಾಬರಿ.

“ಏನಾತ್ರಿ ಅಕ್ಕಾರ? ಎಲ್ಲಾರೂ ಆರಾಮದೀರಿಲ್ಲೊ?”

ನಡೆದದ್ದನ್ನೆಲ್ಲ ಹೇಳಿದೆ. “ಅವತ್ತ ನಿನಗ ಹಂಗ ಬೈಬಾರದಿತ್ತು ನಾ. ನೀ ಟಿಕ್ಕ ಹಾಕಿದ್ದು ಬರೋಬ್ಬರಿ ಇತ್ತು. ತಪ್ಪಾತಪಾ” ಎಂದೆ.

“ನಾ ಟಿಕ್ಕ ಹಾಕಿದ್ದಿಲ್ರಿ ಅಕ್ಕಾರ” ಎಂದ. “ಬಚ್ಚಿಟ್ಟಿದ್ನಿ. ಬೂಟಿನೊಳಗ ತುರುಕಿದ್ನಿ. ನಾಯಿ ಬಂದು ಕುಂತ್ಬಿಡ್ತು. ದಂಡ ಹಾಕಿದ್ರು. ಅದನ್ನ ಕಟ್ಟಾಕ ಎರಡ ತಿಂಗಳ ಮೂಲಿ ಮ್ಯಾಲಿನ ಕಿರಾಣಿ ಅಂಗಡ್ಯಾಗ ಹೆಚ್ಚಿಗಿ ಶಿಫ್ಟ್ ಮಾಡಿದ್ನಿ.”

“ಮತ್ತ ಅವತ್ತ ಯಾಕ ಹೇಳ್ಲಿಲ್ಲೋ?”

“ನೀವು ಬಸರಿ ಇದ್ರಲ್ರೀ. ಸುಮ್ನ ಮನಸಿಗೆ ಹಚ್ಕೋತಿದ್ರಿ.”

ಹತ್ತು ಯುಗಾದಿ. ಹತ್ತು ಹೋಳಿಗೆ, ಒಂದಕ್ಕೂ ತುಪ್ಪವಿಲ್ಲ. ಬರುವ ಯುಗಾದಿಗೆ ಅವನ ತಟ್ಟೆಯ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ, ಎಷ್ಟು ತುಪ್ಪ ಸುರಿಯಲಿ, ನೀವೇ ಹೇಳಿ?