ಅಟ್ಟದ ಮೇಲಿನ ಬೂದುಗುಂಬಳ

ಕುಂಬಳಕಾಯಿ ಒಂದು ನೆಪ. ನನಗೆ ಬೇಕಾಗಿದ್ದದ್ದು ಅದನ್ನ ಬೆಳೆದ ಮನುಷ್ಯ. ಇವತ್ತು ಮಂಗಳವಾರ, ನಾಳೆ ಅಮಾವಾಸ್ಯೆ, ಕಾಯಿ ಹೆಚ್ಚಬಾರದು ಅಂತ ಮಗ ಸೊಸೆಗೆ ನಾನು ಹೇಳಿದ್ದೆಲ್ಲ ಬುರುಡೆ.

ಕುರುಬರಹಳ್ಳಿಯ ನಮ್ಮ ಮನೆಗೆ ತೋಟ ಅಂತ ಇರೋದು ಸಂಪಿನ ಪಕ್ಕದ ಒಂದಿಷ್ಟು ಮಣ್ಣು. ಹೋದ ಮಳೆಗಾಲದಲ್ಲಿ ನಮ್ಮ ಯಜಮಾನರು ಅಲ್ಲಿ ಬೂದುಗುಂಬಳದ ಬೀಜ ಊರಿದರು. ಬಳ್ಳಿ ಮೆಟ್ಟಿಲಿನ ಕಂಬಿ ಹಿಡಿದು ಟೆರೇಸು ಹತ್ತಿತು. ಹೂವು ಬೇಕಾದಷ್ಟು ಬಿಟ್ಟಿತು, ನಿಂತಿದ್ದು ಒಂದೇ ಕಾಯಿ. ಅದು ಬಲಿತು ಮೈಮೇಲೆ ಬೂದಿ ಕೂತ ಮೇಲೆ ಅವರೇ ತೊಟ್ಟು ಸಮೇತ ಕಿತ್ತು, ಹಳೇ ಬಟ್ಟೆಯ ಸಿಂಬಿ ಮಾಡಿ, ಅಡುಗೆಮನೆಯ ಅಟ್ಟದ ಮೇಲೆ ಇಟ್ಟರು. "ಬೇಸಿಗೆ ಸಂಡಿಗೆಗೆ ಆಯ್ತು" ಅಂದರು. ಸಂಕ್ರಾಂತಿ ಕಳೆದ ಮೇಲೆ ಎದೆನೋವು ಅಂತ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಕಾಯಿ ಇಟ್ಟಲ್ಲೇ ಇತ್ತು.

ನಮ್ಮಲ್ಲಿ ಇಡೀ ಬೂದುಗುಂಬಳವನ್ನ ಹೆಂಗಸರು ಮೊದಲು ಹೆಚ್ಚಬಾರದು. ಗಂಡಸು ಒಂದು ಗೀರು ಹಾಕಿಕೊಟ್ಟರೆ ಆಮೇಲೆ ನಮ್ಮ ಪಾಡು. ಯಾಕೆ ಅಂತ ನನಗೆ ಗೊತ್ತಿಲ್ಲ, ನಮ್ಮತ್ತೆಗೂ ಗೊತ್ತಿರಲಿಲ್ಲ. ಪ್ರತಿ ಬೇಸಿಗೆ ಇವರು ಸ್ನಾನ ಮಾಡಿ ಬಂದು, ಈಳಿಗೆಮಣೆ ಮೇಲೆ ಕಾಯಿ ಒತ್ತಿ ಒಂದು ಗೀರು ಹಾಕಿ, ಪೇಪರ್ ಹಿಡ್ಕೊಂಡು ವರಾಂಡಕ್ಕೆ ಹೋಗೋರು. ತುರಿಯೋದು, ಹಿಂಡೋದು, ಭತ್ತದ ಅರಳಲ್ಲಿ ಹೊಟ್ಟು ಆರಿಸೋದು, ಮೆಣಸಿನಕಾಯಿ ರುಬ್ಬಿ ಕೈ ಉರಿಸ್ಕೊಳ್ಳೋದು ನಾನು. ಆಮೇಲೆ ವರ್ಷವಿಡೀ ಯಾರು ಊಟಕ್ಕೆ ಕೂತರೂ, "ಹಾಕಿಸ್ಕೊಳ್ಳಿ, ಸಂಡಿಗೆ ನಾನೇ ಮಾಡಿದ್ದು" ಅನ್ನೋರು. ನಾನು ಒಳಗಿನಿಂದ, "ಬಾಣಲೆ ತೊಳೆದಿದ್ದೂ ಅವರೇ ಅಂತೆ, ಕೇಳಿ" ಅನ್ನೋಳು. ಈಗ ಆ ಮಾತು ಯಾರಿಗೆ ಅನ್ನಲಿ.

ಶಿವರಾತ್ರಿ ಕಳೀತು. ಬೀದಿಯ ಹೊಂಗೆ ಚಿಗುರಿತು. ಅಕ್ಕಪಕ್ಕದ ಟೆರೇಸುಗಳಲ್ಲಿ ಹಪ್ಪಳ ಕಾಣಿಸ್ಕೊಂಡವು. ಒಂದು ದಿನ ಸೊಸೆ ಸ್ಟೂಲ್ ಹತ್ತಿ ಕಾಯಿ ಒತ್ತಿ ನೋಡಿದಳು.

"ಅತ್ತೆ, ತೊಟ್ಟಿನ ಹತ್ರ ಮೆತ್ತಗಾಗ್ತಿದೆ."

"ನಿನ್ನ ಬೆರಳು ಮೆತ್ತಗಿದೆ."

"ಇವತ್ತೇ ಹೆಚ್ಚಿಸೋಣ್ವಾ?"

"ಶುಕ್ರವಾರ ಬೇಡ."

"ನಾಳೆ?"

"ನಾಳೆ ಮೋಡ ಅಂತೆ."

"ಕ್ಯಾಲೆಂಡರಲ್ಲಿ ನೀವು ಒಂದಿನಾನೂ ಉಳಿಸಿಲ್ಲ ಅತ್ತೆ. ಕೊಳೆತು ಸೋರಿದ್ರೆ ಅಟ್ಟ ತೊಳೆಯೋಳು ನಾನು."

ಅವಳು ಹೇಳಿದ್ದು ಸರಿ. ಮಧ್ಯಾಹ್ನ ಎಲ್ಲ ಮಲಗಿದಾಗ ನಾನೂ ಸ್ಟೂಲ್ ಹತ್ತಿ ನೋಡಿದ್ದೆ, ಮೆತ್ತಗಾಗಿತ್ತು. ಕೀಳುವಾಗ ಅವರು ಹಿಡಿದ ಕಡೆ ಬೂದಿ ಅಳಿಸಿ ಹಸಿರು ಕಾಣ್ತಿತ್ತು, ಬೆರಳು ಬೆರಳಾಗಿ. ಅಲ್ಲಿ ನಾನು ಕೈ ಇಡ್ತಿರಲಿಲ್ಲ. ಹೆಚ್ಚಿದರೆ ಆ ಗುರುತು ಸಿಪ್ಪೆ ಜೊತೆ ಕಸಕ್ಕೆ ಹೋಗುತ್ತೆ. ಬಿಟ್ಟರೆ ಕೊಳೆಯುತ್ತೆ. ಮೂರನೇ ದಾರಿ ಇರಲಿಲ್ಲ, ಆದರೂ ದಿನ ತಳ್ತಿದ್ದೆ.

ಭಾನುವಾರ ಮಗ ನನ್ನನ್ನ ಕೇಳದೆ ಕಾಯಿ ಕೆಳಗಿಳಿಸಿದ. ಸ್ನಾನ ಮಾಡಿಯೇ ಬಂದಿದ್ದ. ಈಳಿಗೆಮಣೆ ಎಳ್ಕೊಂಡು ಕೂತು ಎರಡು ಹೋಳು ಮಾಡಿದ. ಪುಣ್ಯಕ್ಕೆ ತೊಟ್ಟಿನ ಹತ್ರ ಒಂಚೂರು ಬಿಟ್ಟರೆ ಒಳಗೆ ಬೆಳ್ಳಗೆ ಚೆನ್ನಾಗಿತ್ತು. ಎರಡನ್ನ ನಾಲ್ಕು ಮಾಡಿದ, ಸಿಪ್ಪೆ ತೆಗೆದ, ತುರಿಯೋಕೂ ಶುರುಮಾಡಿದ.

"ಸಾಕು ಏಳೋ. ಒಂದು ಗೀರು ಹಾಕಿದ್ರೆ ಆಗಿತ್ತು," ಅಂದೆ.

"ಅಪ್ಪ ಪೂರ್ತಿ ಮಾಡ್ತಿದ್ರಲ್ಲಮ್ಮ. ಸಂಡಿಗೆ ಅವರದ್ದೇ ತಾನೆ?"

ತಲೆ ನರೆತ ಗಂಡಸು. ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಮೈದಾನದಲ್ಲಿ, ದೊಡ್ಡವನಾದ ಮೇಲೆ ಅಂಗಡಿಯಲ್ಲಿ. ಅಡುಗೆಮನೆ ಕಡೆ ತಲೆ ಹಾಕಿದ್ದರೆ ತಾನೆ ಗೊತ್ತಾಗೋದು. ಊಟದ ಎಲೆ ಮುಂದೆ ಅಪ್ಪ ಜಂಬ ಕೊಚ್ಚಿದ್ದನ್ನ ಇಷ್ಟು ವರ್ಷ ನಿಜ ಅಂತ ನಂಬಿದ್ದಾನೆ.

ಸೊಸೆ ನನ್ನ ಮುಖ ನೋಡಿದಳು. ನಗು ತಡೆಯೋಕೆ ಸೆರಗು ಬಾಯಿಗೆ ಇಟ್ಕೊಂಡಳು. ನಿಮ್ಮಪ್ಪ ಪೇಪರ್ ಓದ್ತಿದ್ರು ಕಣೋ ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂತು. ಆ ಮನುಷ್ಯ ಇದ್ದಿದ್ದರೆ ಇಷ್ಟು ಹೊತ್ತಿಗೆ ವರಾಂಡದಿಂದ ಕೆಮ್ಮೋರು, ಹೇಳಬೇಡ ಅಂತ.

"ಹೂಂ, ಅವರೇ ಮಾಡ್ತಿದ್ದಿದ್ದು," ಅಂದೆ. "ಸಣ್ಣಗೆ ತುರಿ."

ಊಟದ ಹೊತ್ತಿನವರೆಗೂ ತುರಿದ. ಸಿಪ್ಪೆಯನ್ನ ಸೊಸೆ ಎತ್ತಿ ಹಾಕಿದಳು, ನಾನು ಆ ಕಡೆ ನೋಡಲಿಲ್ಲ. ತುರಿಗೆ ಉಪ್ಪು ಬೆರೆಸಿ ಮುಚ್ಚಿಟ್ಟೆ.

ಮಾರನೇ ಬೆಳಗ್ಗೆ, ಪಕ್ಕದ ಮೂರಂತಸ್ತಿನ ಮನೆ ದಾಟಿ ನಮ್ಮ ಟೆರೇಸಿಗೆ ಬಿಸಿಲು ಬರೋದರೊಳಗೆ, ತುರಿ ಹಿಂಡಿ ಅರಳು ಕಲೆಸಿದೆ. ಸೊಸೆ ಪ್ಲಾಸ್ಟಿಕ್ ಹಾಳೆ ತಂದಳು. ಬೇಡ ಅಂದೆ. ಬೀರುವಿನಿಂದ ಅವರ ಪಂಚೆ ತೆಗೆದು, ನೀರಲ್ಲಿ ಅದ್ದಿ, ಹಿಂಡಿ, ಹಾಸಿ, ಮೂಲೆಗಳಿಗೆ ಇಟ್ಟಿಗೆ ಚೂರು ಹೇರಿ, ಸಂಡಿಗೆ ಇಡೋಕೆ ಕೂತೆ.